ನಡಾವಳಿ

ತಾರ್ತು ಊರಿನ ದೈಹಿಕ ಶಿಕ್ಷಣ ವಿಭಾಗದಲ್ಲಿ
ಹತ್ತೊಂಬತ್ತು ವರ್ಷದಿಂದ ಸಭೆಗಳ ನಡಾವಳಿ ಬರೆಯುವವಳು ನಾನು.
ಯಾರು ಏನೆಂದರು, ಯಾರು ನಡುವೆ ಎದ್ದುಹೋದರು.
ಯಾರು ಯಾರ ಮುಖ ನೋಡಲಿಲ್ಲ ಎಂಬುದಕ್ಕೆ
ನಮೂನೆಯಲ್ಲಿ ಜಾಗವಿಲ್ಲ.

ಮೂರನೆಯ ಮಹಡಿಯ ತೊನಿಸ್‌ಗೆ
ಮನುಷ್ಯನೆಂದರೆ ಮೊಣಕಾಲು, ಅದರಲ್ಲೂ ಎಡಗಡೆಯದು.
ಬಲದ್ದಕ್ಕೆ ಹೆಲ್ಸಿಂಕಿಯಲ್ಲಿ ಬೇರೊಬ್ಬರಿದ್ದಾರೆ
ಎಂದು ಒಮ್ಮೆ ನಗದೆಯೇ ಹೇಳಿದ್ದ.
ಅವನ ಕಾಲಡಿಯ ಮಹಡಿಯಲ್ಲಿ ಮಾರಿಕಾ:
ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು
ನೀನೆಷ್ಟು ದಣಿದಿದ್ದೀಯ ಎಂದು ನಿನಗೇ ತಿಳಿಸುವವಳು.
ನೆಲಮಾಳಿಗೆಯಲ್ಲಿ ಮುದುಕ ಹೇನೊ,
ಹಳೆಯ ವ್ಯಾಯಾಮ ಸಂಘಗಳ ಫೋಟೋಗಳ ಜೊತೆ;
ಅಲ್ಲಿ ಮೀಸೆಯ ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ
ನೂರು ವರ್ಷವಾದರೂ ಇಳಿದಿಲ್ಲ.
ಮೆಟ್ಟಿಲಲ್ಲಿ ಎದುರಾದರೆ ಎಲ್ಲರೂ ಮಂಜಿನ ಮಾತಾಡುತ್ತಾರೆ.

ಉರ್ವೆಗೆ ಮಾತ್ರ ಮಹಡಿಯಿಲ್ಲ.
ಮೇಷ್ಟರಾಗಲು ಬಂದ ಹುಡುಗ ಹುಡುಗಿಯರನ್ನು ಕರೆದುಕೊಂಡು
ಬಸ್ಸು ಹತ್ತುತ್ತಾಳೆ, ಶಾಲೆಯಿಂದ ಶಾಲೆಗೆ.
ಅವಳೇ ತಂದದ್ದು ಆ ಮಗುವಿನ ಸುದ್ದಿ:
ಕೆರ್ತು, ಒಂಬತ್ತು ವರ್ಷ.
ಗಾಳಿಯಂತೆ ಓಡಿಬರುತ್ತಾಳೆ, ಮರದ ಕುದುರೆಯ ಮುಂದೆ
ಗಕ್ಕನೆ ನಿಲ್ಲುತ್ತಾಳೆ. ಪ್ರತಿ ಸಲ. ಇಡೀ ಚಳಿಗಾಲ.
ಕುದುರೆ ಕಂಡರೆ ಕಾಲುನೋವು
ಎಂದು ನಾನಾದರೆ ಅಷ್ಟಕ್ಕೇ ಮುಗಿಸುತ್ತಿದ್ದೆ.

ಅವರು ಮುಗಿಸಲಿಲ್ಲ. ಸ್ನಾಯು ಎಂದರು, ಉಸಿರು ಎಂದರು,
ಅಂಜಿಕೆಗೂ ಒಂದು ಉದ್ದನೆಯ ಹೆಸರಿಟ್ಟರು.
ಹೊಸ ಯಂತ್ರ ಯಾರ ಕೋಣೆಗೆ ಎಂಬಲ್ಲಿಗೆ ಬಂದು ಮಾತು ಕೆಟ್ಟಿತು.
'ಚರ್ಚೆ ನಡೆಯಿತು' ಎಂದು ಬರೆದೆ.
ನಡೆಯಿತು ಅನ್ನುವುದೇ ದೊಡ್ಡ ಮಾತು;
ಕುರ್ಚಿಯಿಂದ ಒಬ್ಬರೂ ಎದ್ದಿರಲಿಲ್ಲ.

ಕೊನೆಗೆ ಡೀನರು ಒಂದು ಷರತ್ತು ಹಾಕಿದರು:
ಒಟ್ಟಿಗೆ ಹೋದರೆ ದುಡ್ಡು.
ಗುರುವಾರ ಹೋದೆವು. ಬಸ್ಸಿನಲ್ಲಿ ಬೇರೆ ಬೇರೆ ಸಾಲಲ್ಲಿ ಕೂತು.

ತೊನಿಸ್ ಮಗುವಿನ ಕಾಲಿಗೆ ಬಿಲ್ಲೆ ಅಂಟಿಸಿದ.
ಎಡ ಮೊಣಕಾಲು ಚೆನ್ನಾಗಿದೆ.
ಸ್ವಲ್ಪ ತಡೆದು, ಬಲದ್ದೂ, ಎಂದ.
ಮಾರಿಕಾ ಎದೆಬಡಿತ ಎಣಿಸಿದಳು: ನೂರ ಎಪ್ಪತ್ತೆಂಟು.
ಇನ್ನೂ ಓಡಿಲ್ಲವಲ್ಲ? ಹೌದು, ಇನ್ನೂ ಓಡಿಲ್ಲ.
ಆಮೇಲೆ ಯಾರಿಗೂ ಏನೂ ತೋಚಲಿಲ್ಲ.

ಹೇನೊ ಮಗುವಿನ ಕಡೆ ನೋಡಲೇ ಇಲ್ಲ.
ಕುದುರೆಯ ಹೊಟ್ಟೆಯ ಕೆಳಗೆ ಬಗ್ಗಿ
ಕನ್ನಡಕ ಒರೆಸಿ, ಒಂದು ತಗಡಿನ ಚೂರು ಓದಿದ.
'ಇದು ಪಟಾಲಮ್ಮಿನ ಕುದುರೆ.
ಸಿಪಾಯಿಗಳ ಎತ್ತರಕ್ಕೆ ನಿಲ್ಲಿಸಿದ್ದು.
ಆಮೇಲೆ ಯಾರೂ ಇಳಿಸಿಲ್ಲ.'

ಇಳಿಸುವ ಮೊಳೆಗೆ ತುಕ್ಕು.
ತೊನಿಸ್ ಚೀಲದಿಂದ ಯಂತ್ರದ ಎಣ್ಣೆ ತೆಗೆದ,
ಉರ್ವೆ ಮಂಡಿಯೂರಿ ಸುತ್ತಿಗೆಯಿಂದ ತಟ್ಟಿದಳು,
ಮಾರಿಕಾ ಒಂದು ಕಾಲಿಗೆ ಹೆಗಲು ಕೊಟ್ಟಳು.
'ಎಡಕ್ಕೆ! ನನ್ನ ಎಡ ಅಲ್ಲ, ಕುದುರೆಯದು!'
ಮುದುಕ ಕೂಗುತ್ತಿದ್ದ.
ನಾನು ಪುಸ್ತಕ ನೆಲಕ್ಕಿಟ್ಟು ಇನ್ನೊಂದು ಕಾಲು ಹಿಡಿದೆ.
ಅಷ್ಟು ವರ್ಷದಲ್ಲಿ ಮೊದಲ ಸಲ
ಈ ವಿಭಾಗಕ್ಕೆ ಬೆವರು ಬಂದದ್ದು ಕಂಡೆ.
ಯಾರೂ ಅದನ್ನು ಅಳೆಯಲಿಲ್ಲ.

ಕುದುರೆ ನಾಲ್ಕು ಬೆರಳು ಇಳಿಯಿತು, ಇನ್ನೆರಡು, ಮತ್ತೊಂದು.
ಕೆರ್ತು ಓಡಿಬಂದಳು.
ನಿಂತಳು.
ನಾವೆಲ್ಲ ಉಸಿರು ಹಿಡಿದೆವು.
ಅವಳು ಮೆಲ್ಲಗೆ ಸುತ್ತು ಹಾಕಿ, ಸವೆದ ಚರ್ಮ ಸವರಿ,
ಹತ್ತಿ ಕೂತಳು, ಸವಾರಿ ಹೊರಟವಳ ಹಾಗೆ.
ಹಿಮ್ಮಡಿಯಿಂದ ಎರಡು ಸಲ ಹೊಟ್ಟೆಗೆ ತಿವಿದಳು.
'ಇದು ಜಿಗಿತವಲ್ಲ' ಎಂದ ತೊನಿಸ್.
'ನೂರ ಹತ್ತು' ಎಂದಳು ಮಾರಿಕಾ, ಬಹಳ ಮೆತ್ತಗೆ.

ನಡಾವಳಿಯಲ್ಲಿ ಕೊನೆಯ ಅಂಕಣ:
ಕೆಲಸ ಮಾಡಿದವರು. ಒಂದು ಹೆಸರಿಗಷ್ಟೇ ಜಾಗ.
ರಾತ್ರಿ ಆಫೀಸಿನಲ್ಲಿ ದೀಪ ಹಾಕಿಕೊಂಡು ಬಹಳ ಹೊತ್ತು ಕೂತೆ.
ಬೆರಳಲ್ಲಿ ಇನ್ನೂ ಎಣ್ಣೆಯ ವಾಸನೆ.
ಹೆಬ್ಬೆಟ್ಟು ಹಾಳೆಗೆ ತಾಗಿ ಕಲೆಯಾಯಿತು.
ಅಳಿಸಲು ಹೋಗಲಿಲ್ಲ.