ನೀರು ಉಳೀಬೇಕು

ಶಹಾಬಾದಿನ ನೀರು ಕಾಸಿದ ಪಾತ್ರಿ
ಆರು ತಿಂಗಳದಾಗ ಒಳಗೆಲ್ಲ ಸುಣ್ಣ.
ಅದಕ್ಕಽ ಈ ಗೇಣುದ್ದದ ಬಾಯ್ಲರಿಗೆ
ಬೋರಿನ ನೀರು ಬ್ಯಾಡ ಅಂದ್ರು ಮೈನುದ್ದೀನ್ ಚಾಚಾ.
ಬ್ಯಾಂಕಿನ ಎ.ಸಿ. ಕೆಳಗ ಬಕೀಟಿಟ್ಟು
ಎರಡು ಹಗಲು ಹಿಡಿದೆ, ಹನಿ ಹನಿ.
ವಾಚ್‌ಮನ್ ಸಾಬಣ್ಣ ಕೇಳಿದ: ಬ್ಯಾಟರಿಗೇನಕ್ಕ?
ಎಂಜಿನ್ನಿಗೆ ಅಂದೆ. ನಕ್ಕ.

ಹಿತ್ತಲದಾಗ ಪರಸಿ ಕಲ್ಲಿನ ಮ್ಯಾಲ ಹಳಿ.
ಬೇವಿನ ಗಿಡ ಸುತ್ತಿ, ಅರಿವಿ ಒಗಿಯೊ ಬಂಡಿ ಹಿಂದ ಹಾದು
ಹದಿನಾಲ್ಕು ಮಾರು.
ಲೆವೆಲ್ಲಿನ ಗುಳ್ಳಿ ನಟ್ಟನಡುವ ನಿಲ್ಲೊತನ
ಮೂರು ಐತಾರ ಹೋದವು.

ಚಾಚಾ ವಾಡಿ ಶೆಡ್ಡಿನ ಫಿಟ್ಟರ್,
ಎಡಗಿವಿ ಅಲ್ಲೇ ಬಿಟ್ಟು ಬಂದವರು.
ಮೊದಲು ಎಣ್ಣಿ, ಆಮ್ಯಾಲ ನೀರು, ಕಡೀಕ ಗ್ಯಾಸು,
ಗ್ಯಾಸು ತುಂಬೊ ಕಡೆ ಬೀಡಿ ಸೇದಬಾರದು ಅಂತ
ತಮ್ಮ ಬೀಡಿ ತಾವೇ ಕಲ್ಲಿಗೆ ತಿಕ್ಕಿದರು.

ಕಡ್ಡಿ ಗೀರಿದೆ. ಚಿಮಣ್ಯಾಗ ಭುಸ್ ಅಂದ ಉರಿ
ಒಳಗ ಸರದು ಗುಂಯ್ ಅಂತ ಕುಂತಿತು.
ಏಳು ನಿಮಿಷ ಮುಳ್ಳು ಸತ್ತಂಗಿತ್ತು, ಆಮ್ಯಾಲ ಎದ್ದಿತು.
ಉಗಿ ಬಿಟ್ಟೆ.
ನಡೀಲಿಲ್ಲ.
ಬಿಸಿನೀರು, ಎಣ್ಣಿ, ನನ್ನ ಸೀರಿ ಸೆರಗಿನ ತುಂಬ.

ಕೆಟ್ಟಿತೇನು ಚಾಚಾ?
ಥಂಡಿ ಅದ ಅದಕ. ಹೊಟ್ಟ್ಯಾಗಿನ ನೀರು ಕಾರಲಿ,
ಕೈಹಚ್ಚಿ ದೂಡು.
ದೂಡಿದೆ, ಗೇಣು ಮುಂದ, ಗೇಣು ಹಿಂದ,
ತೊಟ್ಟಲಾನ ಕೂಸಿನಂಗ.
ನಾಕನೇ ಸಲಕ್ಕ
ಕೈಯಾಗಿಂದ ಹೋತು.

ಬಂಡಿ ಹಿಂದ ಹೋಗಿ ಕಾಣಲಿಲ್ಲ.
ಛುಕ್ಕು ಛುಕ್ಕು ನನಗ ಕೇಳ್ತಿತ್ತು.
ಬಂತೇನು? ಬಂತೇನು? ಅಂದ ಚಾಚಾ
ಬಗ್ಗಿ ಪರಸಿಗೆ ಅಂಗೈ ಊರಿ
ಹೂಂ, ಬಂತು ಅಂದ್ರು, ನಾ ಹೇಳೂಕಿಂತ ಮೊದಲ.

ಹನ್ನೊಂದನೇ ಸುತ್ತಿಗೆ ಉರಿ ಆರಿ
ಇನ್ನರ್ಧ ಸುತ್ತು ಉಸಿರಿನ ಮ್ಯಾಲ ನಡೆದು ನಿಂತಿತು.
ತೆಗೆದು ನೋಡಿದರ ಒಳಗ ಇನ್ನಾ ನೀರು.
ಹಿಂಗಽ ಇರಬೇಕು ಅಂದ್ರು.
ಬೆಂಕಿ ಮೊದಲ ಮುಗೀಬೇಕು, ನೀರು ಉಳೀಬೇಕು.
ಉಲ್ಟಾ ಆತಂದ್ರ...
ಅಷ್ಟಕ್ಕ ನಿಲ್ಲಿಸಿ
ಬಲಗೈಯ ನುಣ್ಣನ ಚರ್ಮದ ಮ್ಯಾಲ ತೋಳು ಇಳಿಸಿಕೊಂಡರು.

ಬೇವಿನ ಬೇರು ಕಲ್ಲು ಎತ್ತಿದಲ್ಲಿ
ಎಂಜಿನ್ನು ಚೂರು ವಾಲತಿತ್ತು, ನಾ ನೋಡಿದ್ದಿಲ್ಲ.
ಅವರು ಕಡ್ಡಿಪೆಟ್ಟಿಗಿ ತೆಗೆದು
ಒಂದು ಕಡ್ಡಿ ಮುರಿದು ಹಳಿ ಕೆಳಗ ತೂರಿಸಿದರು.

ನಾಳಿ ಬರ್ತೀರೇನು? ಬಲಗಿವಿಗೆ ಕೇಳಿದೆ.
ಬಕೀಟಿನ ಕಡೆ ಹೊಳ್ಳಿ ನೋಡಿ,
ನೀರೆಷ್ಟು ಉಳದದ? ಅಂದ್ರು.