ಹೆಬ್ಬೆಟ್ಟು

ಕೌಲ್ ಬಜಾರಿನ ಹಿಂದಿನ ಗಲ್ಲಿ, ಮೇ ತಿಂಗಳು,
ತಗಡಿನ ಶೆಡ್ಡು. ಫ್ಯಾನು ಬಂದ್.
ಆರ್ಗಾನಿಗೂ ಗಾಳಿಗೂ ಆಗಿಬರೋದಿಲ್ಲ ಅಂತಾನೆ ಖಾಜಾಹುಸೇನಿ.
ಬೆಸುಗೆ ಬೆಳ್ಳಗಾದರೆ ಸತ್ತಿತು, ಬೆಳ್ಳಿಯಾದರೆ ಬದುಕಿತು.
ಅವನು ಮುಖವಾಡ ಎತ್ತುವ ತನಕ
ನಾವೂ ಉಸಿರು ಹಿಡಿದಿರಬೇಕು.

ಆಮೇಲೆ ಕೊಳವೆ ನನ್ನ ಕೈಗೆ.
ಭಾರವೇ ಇಲ್ಲ, ಒಣಗಿದ ಸೋರೆಬುರುಡೆ.
ಇನ್ನೂರಿಪ್ಪತ್ತರ ಉಪ್ಪುಕಾಗದ, ಆಮೇಲೆ ನಾನೂರು,
ಕೊನೆಗೆ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬು,
ಒಂದೇ ದಿಕ್ಕಿಗೆ, ತಲೆ ಬಾಚಿದ ಹಾಗೆ.
ಕಬ್ಬಿಣ ಉಜ್ಜಿದ ಬ್ರಶ್ಶು ಮರೆತು ಇದಕ್ಕೆ ತಾಗಿಸಿದೆನೋ
ಖಾಜಾನ ಬೈಗಳು ಉರ್ದುವಿನಲ್ಲಿ ಶುರುವಾಗಿ
ತೆಲುಗಿನಲ್ಲಿ ಮುಗಿಯುತ್ತವೆ.

ಹನ್ನೊಂದು ವರ್ಷ ಜೀನ್ಸ್ ಉಜ್ಜಿದವಳು ನಾನು.
ಹೊಸ ಪ್ಯಾಂಟನ್ನು ಹಳೆಯದು ಮಾಡುವ ಕೆಲಸ,
ಯಾರೂ ಮಂಡಿಯೂರದ ಬಟ್ಟೆಗೆ ಮಂಡಿಯೂರಿದ ಗುರುತು.
ನೀಲಿ ನೀರು ಚರಂಡಿಗೆ,
ನೀಲಿ ಉಗುರು ಅನ್ನದ ತಟ್ಟೆಗೆ.
ಈ ನೀಲಿ ಹಾಗಲ್ಲ.
ಹಿಂಡಿದರೆ ಒಂದು ಹನಿ ಸಿಗದು, ಇದರಲ್ಲಿ ಬಣ್ಣವೇ ಇಲ್ಲ.
ಬೆಂಕಿ ತಾಗಿದಷ್ಟೂ ಮೇಲಿನ ತೊಗಲು ದಪ್ಪ,
ದಪ್ಪವಾದಂತೆಲ್ಲ ಬೆಳಕಿನ ಜೊತೆ ಹುಡುಗಾಟ:
ಮೊದಲು ಒಣಹುಲ್ಲು, ಆಮೇಲೆ ಬದನೆ, ಆಮೇಲೆ ನವಿಲು.
ಇನ್ನೂ ಕಾಯಿಸಿದರೆ ಬೂದಿ.

ರುದ್ರಮುನಿ ತೋರಣಗಲ್ಲಿನ ಕ್ರೇನಿನವನು.
ಹೈದರಾಬಾದಿನ ಗುಜರಿಯಲ್ಲಿ ತೂಕಕ್ಕೆ ಕೊಂಡ ಕೊಳವೆ,
ಎರಡು ತಿಂಗಳ ಓವರ್‌ಟೈಮು.
"ಗ್ಯಾಸ್ ಹಿಡಿದು ಈಗ್ಲೇ ನೀಲಿ ಮಾಡ್ರಿ" ಅಂದ.
"ಓಡಿಸ್ರಿ, ತಾನಾ ಬರ್ತೈತಿ" ಅಂದೆ.
ಕಾಲು ಸುಡಬಾರದು, ಪಟ್ಟಿ ಸುತ್ತಿಕೊಡ್ರಿ ಅಂದ.
ಸುತ್ತಿದರೆ ಒಳಗೊಳಗೇ ಕುದಿದು ಪೆಳಸಾಗುತ್ತದೆ ಲೋಹ, ಮನುಷ್ಯರ ಹಾಗೇ.
ಮೇಲೊಂದು ತಗಡು, ನಡುವೆ ಕಿರುಬೆರಳಷ್ಟು ಗಾಳಿ, ಸಾಕು.
ಬಳ್ಳಾರಿಯವನಿಗೆ ನೆರಳು ಅಂದರೇನು ಅಂತ
ಹೇಳಿಕೊಡಬೇಕೇ?

ಆ ಬೆಳಿಗ್ಗೆಯೇ ರೇಷನ್ ಅಂಗಡಿಯಲ್ಲಿ
ಹೆಬ್ಬೆಟ್ಟು, ತೋರುಬೆರಳು, ಮತ್ತೆ ಹೆಬ್ಬೆಟ್ಟು.
ಮೂರು ಸಲವೂ ಯಂತ್ರ ಕೆಂಪಗೆ ನೋಡಿತು.
"ಎರ್ರೆಮ್ಮಾ, ನಿನ್ ಬೆರಳಾಗ ಏನೂ ಇಲ್ಲಲ್ಲ.
ಕೊಬ್ಬರಿ ಎಣ್ಣಿ ಹಚ್ಚಿಕ್ಯಂಡು ಬಾ."
ಹಚ್ಚಿಕೊಂಡೇ ಹೋಗಿದ್ದೆ.

ಅಸಿಟೋನು, ಬಿಳಿ ಬಟ್ಟೆ, ಹೊಸ ಕೈಗವಸು, ಎಲ್ಲ ಆಯಿತು.
ಕೊನೆಯ ಬೋಲ್ಟಿನ ಹೊತ್ತಿಗೆ ಎಲ್ಲೋ ಗವಸು ಹರಿದಿತ್ತು,
ನಾನು ನೋಡಿರಲಿಲ್ಲ.

ಗಾಡಿ ಸ್ಟಾರ್ಟ್ ಆಯಿತು.
ಗಲ್ಲಿಯ ನಾಯಿ ಎದ್ದು ಜಾಗ ಬದಲಿಸಿತು.
ಒಣಹುಲ್ಲು ಬಂತು. ಬದನೆ ಬಂತು.
ಬಾಗಿದ ಕಡೆ, ಆ ಬದನೆಯ ನಡುವೆ,
ಒಂದು ಹೆಬ್ಬೆಟ್ಟು ಎದ್ದಿತು.
ಸುಳಿ, ಸುಳಿಯೊಳಗೆ ಸುಳಿ,
ಅಡ್ಡಕ್ಕೆ ಫ್ಯಾಕ್ಟರಿಯ ಕತ್ತರಿ ಎಳೆದ ಗೀರು.
ಇತ್ತಲ್ಲ!
ಇಷ್ಟು ದಿನ ಎಲ್ಲಿತ್ತು?

"ಏನ್ರೀ ಇದು ಕಲೆ?" ರುದ್ರಮುನಿ ಬಗ್ಗಿದ.
ಸುಟ್ಟುಕೊಂಡದ್ದು ಒರೆಸಿದರೆ ಹೋಗದು,
ಆರಿದ ಮೇಲೆ ಮತ್ತೆ ಇನ್ನೂರಿಪ್ಪತ್ತರಿಂದ ಶುರು.
ನಾನು ಉಪ್ಪುಕಾಗದ ಹುಡುಕಿದೆ.
ಕೈಯೆದುರೇ ಇದ್ದ ಕಾಗದವನ್ನು
ಹುಡುಕುತ್ತಲೇ ಇದ್ದೆ.

ಖಾಜಾ ನನ್ನನ್ನು ನೋಡಿದ, ಏನೂ ಅನ್ನಲಿಲ್ಲ.
ಇಕ್ಕಳದಲ್ಲಿ ತಗಡನ್ನು ಎರಡು ಇಂಚು ಮೇಲಕ್ಕೆ ಸರಿಸಿ
ಕ್ಲ್ಯಾಂಪು ಬಿಗಿದ.
"ಕಲೆ? ಎಲ್ಲೈತಿ ತೋರಿಸ್ರಿ."

ಈಗ ಸಂಡೂರಿನ ತಿರುವುಗಳಲ್ಲಿ ಓಡುತ್ತಿರಬೇಕು ಅದು.
ತಗಡಿನ ಮೇಲೆ ಅದಿರಿನ ಕೆಂಪು ಧೂಳು,
ಅಡಿಯಲ್ಲಿ ಕಾದು ನವಿಲಾದ ಲೋಹದಲ್ಲಿ
ನನ್ನ ಬೆರಳು, ಸುಡದೆ.

ಸೋಮವಾರ ಮತ್ತೆ ರೇಷನ್ನಿಗೆ ಹೋಗಬೇಕು.
ಚೀಲ ಮಡಚಿ ಇಟ್ಟಿದ್ದೇನೆ.