ಎಂಟನೆಯ ಕವಲು

ಒಳಗೆ ಬರುವ ನೀರಿಗೆ ಇಲ್ಲಿ ಹೆಸರುಗಳಿವೆ,
ಒಂದೊಂದು ಬುಗ್ಗೆಗೂ ಒಬ್ಬ ಅಜ್ಜನ ಕತೆ.
ಹೊರಗೆ ಹೋಗುವ ನೀರಿಗೆ ಬರೀ ನಂಬರು.
ಬಲದಂಡೆ, ಎಂಟನೆಯ ಕವಲು: ಅದು ನನ್ನದು.

ಅಲ್-ಅಹ್ಸಾದ ಖರ್ಜೂರ ತೋಟಗಳ ಬೆನ್ನಿಗೆ
ಹರಿಯುತ್ತದೆ; ಹರಿದರೆ ನನ್ನ ಪುಣ್ಯ.
ಜೊಂಡು, ಗೊಬ್ಬರದ ಚೀಲ, ಒಮ್ಮೆ ಆಡಿನ ಮರಿ,
ಒಮ್ಮೆ ಯಾರದೋ ಮದುವೆಯ ಬಂಗಾರದ ಬಣ್ಣದ ಕುರ್ಚಿ.
ಸೊಂಟದವರೆಗೆ ಇಳಿದು ತೆಗೆಯುತ್ತೇನೆ,
ಮೇಲೆ ಬಂದು ಒಣಗಿದರೆ
ಕಾಲ ರೋಮಕ್ಕೆಲ್ಲ ಉಪ್ಪು ಹೂಬಿಟ್ಟಿರುತ್ತದೆ.

ಸೌಳು ಅನ್ನುತ್ತಿದ್ದಳು ಇದಕ್ಕೆ, ಕಾರಟಗಿಯಲ್ಲಿ, ನಮ್ಮವ್ವ.
ಕಾಲುವೆ ಬಗಲಿನ ಎರಡೆಕರೆ ಬೆಳ್ಳಗೆ,
ಹಬ್ಬಕ್ಕೆ ಸುಣ್ಣ ಬಳಿದಂತೆ.
ನೀರು ಬಿಡಲು ಬಂದವರು ಹಾರ ಹಾಕಿಸಿಕೊಂಡು ಹೋದರು,
ಬಸಿಯಲು ಯಾರೂ ಬರಲಿಲ್ಲ.
ಎಸರಿಟ್ಟವರು ಗಂಜಿ ಬಸಿಯೋದು ಮರೆತರಲ್ಲೋ ಹುಲುಗಾ,
ಅಂದು ನಗುತ್ತಿದ್ದಳು, ನಗು ಬರದಿದ್ದರೂ.

ವರ್ಷಕ್ಕೊಮ್ಮೆ ಲೆಕ್ಕ. ಮರಕ್ಕೆ ಎರಡು ರಿಯಾಲು.
ಚಾಪೆ, ಕಾಫಿ, ಉದ್ದನೆಯ ಪುಸ್ತಕ.
ಮೇಲಿನ ತೋಟದ ಅಬು ಫಾಝಿಲ್ ಹೇಳುತ್ತಾನೆ:
'ನನ್ನ ನೀರು ತಾನೇ ಇಳಿದುಹೋಗುತ್ತದೆ.
ಇಳಿಜಾರಿಗೂ ಸಂಬಳವೇ?'
ಯಾರೂ ಮಾತಾಡುವುದಿಲ್ಲ. ಕಾಫಿ ಆರುತ್ತದೆ.

ತೀರಾ ಕೆಳಗಿನದು ಉಮ್ಮ್ ಜವಾದಳ ತೋಟ,
ಎಲ್ಲರ ನೀರೂ ಬಂದು ಕೂರುವುದು ಅಲ್ಲೇ.
ನಲವತ್ತು ಮರ, ಅದರಲ್ಲಿ ಹದಿನೇಳು ಸತ್ತವು.
ನಲವತ್ತಕ್ಕೂ ಎಣಿಸಿ ಕಳಿಸುತ್ತಾಳೆ.
ಸತ್ತದ್ದಕ್ಕೆ ಯಾಕೆಂದು ನನ್ನ ಮುರುಕು ಅರಬ್ಬಿಯಲ್ಲಿ ಕೇಳಿದೆ.
ಮೊಮ್ಮಗ ಸೈಕಲ್ಲೇರಿ ಹೋಗಿ ಉತ್ತರ ತಂದ:
'ನಿಂತೇ ಇವೆಯಲ್ಲ, ಅನ್ನುತ್ತಾಳೆ.'

ಈ ಸಲ ಪಂಪಿನ ರಿಪೇರಿ ಬರೆದರು, ಡೀಸೆಲ್ ಬರೆದರು,
ನನ್ನ ಎರಡು ತಿಂಗಳ ಎದುರಿಗೆ
'ಮುಂದೆ ನೋಡೋಣ' ಎಂದು ಬರೆದರು.
ಒಳ್ಳೆಯ ಅಕ್ಷರ.

ನಾನೇನೂ ಮಾಡಲಿಲ್ಲ. ಅಷ್ಟೇ, ಏನೂ ಮಾಡಲಿಲ್ಲ.
ಅಬು ಫಾಝಿಲನ ಮೋರಿಯ ಬಾಯಲ್ಲಿ
ಜೊಂಡು ತನ್ನ ಪಾಡಿಗೆ ಬೆಳೆಯಿತು.
ಹನ್ನೊಂದನೆಯ ದಿನ ನೀರು ನಿಂತು ಯೋಚಿಸಿತು,
ಹದಿನೈದಕ್ಕೆ ಬಂದ ದಾರಿಯಲ್ಲೇ ಹಿಂದಿರುಗಿ
ಅವನ ಬದನೆ ಸಾಲುಗಳನ್ನು ಒಂದೊಂದಾಗಿ ಮಾತಾಡಿಸಿತು.

ಬೆಳಗಿನ ಜಾವ ಬಂದ, ನೆನೆದ ಚಪ್ಪಲಿ ಕೈಯಲ್ಲಿ ಹಿಡಿದು.
ಬಯ್ಯಲಿಲ್ಲ. ದಂಡೆಯ ಮೇಲೆ ಕೂತ.
ಬಹಳ ಹೊತ್ತಾದ ಮೇಲೆ:
'ನನ್ನವು ಎಷ್ಟು ಮರ ಅಂತ ಬರೆದಿದ್ದಾರೆ?'

ಎದ್ದು ಕುಡುಗೋಲು ಹುಡುಕಿದೆ,
ಗುಡಿಸಲ ಒಳಗೆ, ಹೊರಗೆ, ಇನ್ನೊಮ್ಮೆ ಒಳಗೆ,
ಅದು ಕೈಯಲ್ಲೇ ಇತ್ತು.